ಗಡ್ಡಾ ಜಾತ್ರೆಯಲ್ಲಿ ಕೆಂಪು ಪಟ್ಟೆಯ ಅಂಗಿ

ಗುಂಪಿನಲ್ಲಿ ಒಬ್ಬರನ್ನು ಹುಡುಕುವ ಆಟವನ್ನು ಸೊಲ್ಲಾಪುರದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರನ ಗಡ್ಡಾ ಜಾತ್ರೆ ಕೂಡುತ್ತದೆ. ಏಳು ನಂದಿಧ್ವಜಗಳು ಊರಿಗೆ ಊರನ್ನೇ ಹಿಂದೆ ಕಟ್ಟಿಕೊಂಡು ಹೊರಡುತ್ತವೆ. ಹೊರುವವರೆಲ್ಲ ಬಿಳಿಯ ಬಾರಾಬಂದಿ ಅಂಗಿ ತೊಟ್ಟಿರುತ್ತಾರೆ. ಅಪ್ಪನ ಹೆಗಲೇರಿದ ಕೂಸು ಕೇಳುತ್ತದೆ: "ನಮ್ಮ ಕಾಕಾ ಎಲ್ಲಿ ಅದಾನ?" ಎಲ್ಲರೂ ಕಾಕಾನ ಹಾಗೆಯೇ ಕಾಣುವಾಗ ನಡಿಗೆಯಿಂದಲೋ, ಕತ್ತು ತಿರುಗಿಸುವ ರೀತಿಯಿಂದಲೋ ಗುರುತು ಹಿಡಿಯಬೇಕು.

ಮಾರ್ಟಿನ್ ಹ್ಯಾಂಡ್‌ಫರ್ಡ್ ಎಂಬ ಇಂಗ್ಲಿಷ್ ಚಿತ್ರಕಾರ 1987ರಲ್ಲಿ ಹೊರತಂದ 'ವೇರ್ಸ್ ವಾಲಿ?' ಪುಸ್ತಕದ ಜೀವವೂ ಇದರಲ್ಲೇ ಇದೆ. ಕೆಂಪು-ಬಿಳಿ ಪಟ್ಟೆಯ ಅಂಗಿ, ಕನ್ನಡಕ, ಕುಚ್ಚಿನ ಟೊಪ್ಪಿಗೆಯ ವಾಲಿ ಎರಡು ಪುಟದಗಲದ ಜನಜಂಗುಳಿಯಲ್ಲಿ ಎಲ್ಲೋ ನಿಂತಿರುತ್ತಾನೆ. ಮುಂದಿನ ಪುಸ್ತಕವೊಂದರಲ್ಲಿ ಎಲ್ಲರೂ ಅವನ ವೇಷದಲ್ಲೇ ಇರುವ ಪುಟವೂ ಇದೆ. ಆ ಪುಟ ನೋಡಿದಾಗಲೆಲ್ಲ ನನಗೆ ಬಾರಾಬಂದಿಗಳೇ ನೆನಪಾಗುತ್ತವೆ.

ಸೊಲ್ಲಾಪುರಕ್ಕೆ ಇಂಥ ಪುಸ್ತಕ ಹೇಳಿ ಮಾಡಿಸಿದ್ದು. ಇಲ್ಲಿ ಮರಾಠಿ, ಕನ್ನಡ, ತೆಲುಗು ಮೂರೂ ಒಟ್ಟಿಗೆ ಬಾಳುತ್ತವೆ. ಅಕ್ಕಲಕೋಟೆಯ ಕಡೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಪುಣೆಯ ಬಾಲಭಾರತಿ ಸಂಸ್ಥೆ ಅವಕ್ಕೆ ಕನ್ನಡದಲ್ಲೇ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಓದುವ ಲಿಪಿ ಬೇರೆಯಾದ ಮಕ್ಕಳು ಒಂದೇ ಚಿತ್ರದ ಮೇಲೆ ತಲೆಗೆ ತಲೆ ತಾಗಿಸಿ ಕೂರಬಲ್ಲರು. ಓದು ಬಾರದ ಅಜ್ಜಿಯೂ ಜೊತೆಗೆ ಕೂರುತ್ತಾಳೆ. ತೊಗರಿಬೇಳೆ ಹಸನು ಮಾಡಿ ಪಳಗಿದ ಕಣ್ಣು ಅವಳದು, ಮೊದಲು ಅವಳಿಗೇ ಸಿಗುತ್ತದೆ. "ಆಯಿ, ನೀ ಹೇಳಬ್ಯಾಡ, ನಾನು ಹುಡುಕ್ತೀನಿ!" ಎಂದು ಮೊಮ್ಮಗಳು ಅವಳ ಬೆರಳು ಹಿಡಿದುಕೊಳ್ಳುತ್ತಾಳೆ. ಈ ಜಗ್ಗಾಟವೇ ಆಟದ ಅರ್ಧ ಸುಖ.

ಈ ಪುಸ್ತಕ ವಿಡಿಯೊ ಗೇಮ್ ಆದೀತೆ? ಪ್ರಯತ್ನ ಬಹಳ ಹಿಂದೆಯೇ ನಡೆದಿದೆ. ಅಮೆರಿಕದಲ್ಲಿ ವಾಲಿಗೆ ವಾಲ್ಡೊ ಎಂದು ಹೆಸರು. 1991ರಲ್ಲಿ ನಿಂಟೆಂಡೊದ ಎನ್‌ಇಎಸ್ ಯಂತ್ರಕ್ಕೆ 'ವೇರ್ಸ್ ವಾಲ್ಡೊ?' ಬಂತು. ಆ ಯಂತ್ರದ ಚಿತ್ರಕ್ಕೆ ಅಡ್ಡ 256, ಉದ್ದ 240 ಚುಕ್ಕೆ ಮಾತ್ರ. ಪುಸ್ತಕದಲ್ಲಿ ಉಗುರಿನಗಲದಲ್ಲೂ ನಗುತ್ತಿದ್ದ ಮುಖಗಳು ಅಲ್ಲಿ ಬಣ್ಣದ ಕಲೆಗಳಾದವು. ಚೌಕ ಸೇರಿಸಿ ಚಿತ್ರ ಕಟ್ಟುವ ಕಷ್ಟ ಸೊಲ್ಲಾಪುರದ ಮಗ್ಗದವರಿಗೆ ಗೊತ್ತು. ಚಾದರಿನ ನವಿಲು ಮೊದಲು ಚೌಕದ ಕಾಗದದ ಮೇಲೆ ಮೂಡಿ, ಆಮೇಲೆ ಜಕಾರ್ಡಿನ ತೂತಿನ ಕಾರ್ಡುಗಳಾಗಿ, ಕೊನೆಗೆ ನೂಲಿನಲ್ಲಿ ಬಿಡಿಸಿಕೊಳ್ಳುತ್ತದೆ. ನವಿಲಿಗೆ ಚಾದರಿನ ಅಗಲ ಬೇಕು. ನವಿಲಿನ ಹಿಂಡನ್ನೇ ಕರವಸ್ತ್ರದಲ್ಲಿ ನೇಯಲು ಹೋದರೆ ರೆಕ್ಕೆ ಯಾವುದು, ಕಾಲು ಯಾವುದು ತಿಳಿಯದು.

ಈಗಿನ ಫೋನುಗಳಲ್ಲಿ ಚುಕ್ಕೆಗೆ ಬರವಿಲ್ಲ. ಆದರೂ ಪರದೆ ಅಂಗೈಯಗಲ. ಹಿಗ್ಗಿಸಿದರೆ ಒಂದು ಮೂಲೆ ಕಾಣುತ್ತದೆ, ಜಾತ್ರೆ ಮಾಯವಾಗುತ್ತದೆ. ಒತ್ತಿದ ಬೆರಳು ಒತ್ತಬೇಕಾದದ್ದನ್ನೇ ಮುಚ್ಚುತ್ತದೆ. ಇಷ್ಟಾದರೂ ನಾನು ಒಪ್ಪಿಯೇನು. ಒಪ್ಪಲಾಗದ್ದು ಗಡಿಯಾರ. ವಾಲಿಯನ್ನು ಹುಡುಕುತ್ತ ಹೋದ ಮಗು ದಾರಿಯಲ್ಲಿ ಜಾರಿ ಬಿದ್ದವನನ್ನು, ಊಟ ಕದ್ದ ನಾಯಿಯನ್ನು, ಜಗಳಕ್ಕೆ ನಿಂತ ಇಬ್ಬರನ್ನು ನೋಡುತ್ತದೆ. ವಾಲಿ ಸಿಗುವುದು ತಡವಾದಷ್ಟೂ ಪುಟ ಬೆಳೆಯುತ್ತದೆ. ಮೂಲೆಯಲ್ಲಿ ಸೆಕೆಂಡು ಓಡತೊಡಗಿದರೆ ಆ ನಾಯಿಯನ್ನು ನೋಡುವವರು ಯಾರು?

ಹೆಸರನ್ನು ಮಾತ್ರ ಮಾರಿಕೊಂಡ ಗೇಮ್‌ಗಳೂ ಇವೆ. ಕಿಟ್ ವಿಲಿಯಮ್ಸ್ 1979ರಲ್ಲಿ 'ಮಾಸ್ಕರೇಡ್' ಎಂಬ ಚಿತ್ರಪುಸ್ತಕ ಬರೆದು, ತನ್ನ ಕೈಯಾರೆ ಮಾಡಿದ ಚಿನ್ನದ ಮೊಲವನ್ನು ನೆಲದಲ್ಲಿ ಹೂತಿದ್ದ. ಗುಟ್ಟೆಲ್ಲ ಚಿತ್ರದೊಳಗೆ. 1982ರಲ್ಲಿ ಮೊಲ ಪಡೆದವನು ಚಿತ್ರದ ಒಗಟು ಬಿಡಿಸಿ ಪಡೆದದ್ದಲ್ಲ ಎಂಬುದು ಆಮೇಲೆ ಬಯಲಾಯಿತು. ಅಷ್ಟರಲ್ಲಿ, 1984ರಲ್ಲಿ, ಅದೇ ಮೊಲವನ್ನು ಬಹುಮಾನವಾಗಿಟ್ಟು 'ಹೇರ್‌ರೈಸರ್' ಎಂಬ ಕಂಪ್ಯೂಟರ್ ಆಟ ಮಾರಾಟಕ್ಕೆ ಬಂದಿತ್ತು. ಅದನ್ನು ಗೆದ್ದವರಿಲ್ಲ. ಆ ಆಟದಂತೆ ನೋಡಲು ಏನೂ ಇಲ್ಲದ ಕಡೆ ಮಕ್ಕಳನ್ನು ಹುಡುಕಲು ಹಚ್ಚುವುದು ನನ್ನ ಪ್ರಕಾರ ಮೋಸವೇ.

ಗೆದ್ದ ಗೇಮ್‌ಗಳು ಪುಸ್ತಕದ ಪುಟವನ್ನು ಎತ್ತಿ ಇಡಲಿಲ್ಲ, ಪುಸ್ತಕಕ್ಕೆ ಇಲ್ಲದ್ದನ್ನು ಕೊಟ್ಟವು. 2017ರ 'ಹಿಡನ್ ಫೋಕ್ಸ್' ಕೈಯಲ್ಲೇ ಬಿಡಿಸಿದ ಕಪ್ಪು-ಬಿಳುಪಿನ ಚಿತ್ರಗಳ ಆಟ. ಅಲ್ಲಿ ಗುಡಾರ ಮುಟ್ಟಿದರೆ ತೆರೆಯುತ್ತದೆ, ಅದರ ಸದ್ದೆಲ್ಲ ಬಾಯಲ್ಲೇ ಮಾಡಿದ್ದು. ಜಪಾನಿನ ಚಿತ್ರಕಾರರ 'ಪಿಯರ್' ಎಂಬ ದಾರಿಹುಡುಕಾಟದ ಪುಸ್ತಕಗಳಿಂದ 2021ರಲ್ಲಿ 'ಲ್ಯಾಬಿರಿಂತ್ ಸಿಟಿ' ಬಂತು. ಪುಸ್ತಕದಲ್ಲಿ ದಾರಿಯನ್ನು ಮೇಲಿನಿಂದ ನೋಡುತ್ತೇವೆ. ಗೇಮ್‌ನಲ್ಲಿ ಪಿಯರ್ ಎಂಬ ಹುಡುಗನ ಜೊತೆ ಅದೇ ಓಣಿಗೆ ಇಳಿಯುತ್ತೇವೆ, ಮುಂದಿನ ತಿರುವು ಕಾಣುವುದಿಲ್ಲ. ಕಣ್ಣಿನ ಆಟ ಕಾಲಿನ ಆಟವಾಯಿತು.

ಕಾಲಿನ ಆಟವೆಂದರೆ ಸೊಲ್ಲಾಪುರದಲ್ಲಿ ಸಿದ್ಧವಾಗಿಯೇ ಇದೆ. ಜಾತ್ರೆಯ ಸಿದ್ಧೇಶ್ವರನೇ ಆದ ಸಿದ್ಧರಾಮ ಸ್ಥಾಪಿಸಿದನೆಂದು ಜನ ನಂಬುವ 68 ಲಿಂಗಗಳು ಊರಿನ ಸುತ್ತ ಹರಡಿವೆ. ಜಾತ್ರೆಯಲ್ಲಿ ನಂದಿಧ್ವಜಗಳು ಅವುಗಳನ್ನೆಲ್ಲ ಸುತ್ತಿಬರುತ್ತವೆ, ಲಿಂಗಗಳಿಗೆ ಎಣ್ಣೆಯ ಅಭಿಷೇಕ ನಡೆಯುತ್ತದೆ. ಈ ನಡಿಗೆಯನ್ನು ಗೇಮ್ ಮಾಡಿದರೆ ನಾನೇ ಮೊದಲು ಆಡುತ್ತೇನೆ.

ಜಾತ್ರೆಯ ಜನಜಂಗುಳಿ ಮಾತ್ರ ಕಾಗದದ ಮೇಲೇ ಇರಲಿ. ದಾರಿಯನ್ನು ಈ ಜಿಲ್ಲೆಯೇ ತೋರಿಸಿದೆ. ಮಾಢಾ ತಾಲ್ಲೂಕಿನ ಪರಿತೇವಾಡಿಯ ಶಿಕ್ಷಕ ರಣಜಿತಸಿಂಹ ಡಿಸಳೆ ಪಠ್ಯದ ಪುಟಗಳಿಗೆ ಕ್ಯೂಆರ್ ಕೋಡ್ ಹಚ್ಚಿ, ಅದರೊಳಗೆ ಹಾಡು, ಕತೆ, ಪಾಠ ಇಟ್ಟರು. 2020ರ ಜಾಗತಿಕ ಶಿಕ್ಷಕ ಪ್ರಶಸ್ತಿ ಅವರಿಗೆ ಬಂತು. ಪುಸ್ತಕ ಪುಸ್ತಕವಾಗಿಯೇ ಉಳಿದು ಫೋನು ಅದರ ಸೇವೆಗೆ ನಿಂತಿತು. ಗಡ್ಡಾ ಜಾತ್ರೆಯ ದೊಡ್ಡ ಪುಟದ ಮೂಲೆಗೂ ಅಂಥದ್ದೊಂದು ಕೋಡ್ ಇರಲಿ. ಫೋನು ಹಿಡಿದರೆ ಹಲಗಿ ಕೇಳಲಿ, ತೂಗುತೊಟ್ಟಿಲ ಕಿರುಗುಟ್ಟುವಿಕೆ ಕೇಳಲಿ, ಮಿಠಾಯಿಯವನ ಕೂಗು ಕೇಳಲಿ. ಆ ಕೂಗಿನ ಜಾಡು ಹಿಡಿದು ಕಣ್ಣು ಕಾಗದದ ಮೇಲೆ ಅಲೆಯಲಿ. ಚಿತ್ರ ಬರೆಯಲು ಕೂರುವ ಮೊದಲು ಅಕ್ಕಲಕೋಟೆಯ ಕನ್ನಡ ಶಾಲೆಯ ಮಕ್ಕಳನ್ನು ಒಂದು ಮಾತು ಕೇಳಬೇಕು: ಆ ಗದ್ದಲದಲ್ಲಿ ಯಾರನ್ನು ಅಡಗಿಸೋಣ?