ಪಾಸ್ ಇದ್ದರೂ ಜಾಗ ಬೇಕಲ್ಲ: ಹತ್ತನೇ ತರಗತಿಯ ಒಂದು ಪಾಠ

ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಅಧ್ಯಾಯ ಜಾತ್ರೆಯಿಂದಲೇ ಶುರುವಾಗುತ್ತದೆ. ಅಖಿಲಾ ಎಂಬ ಹುಡುಗಿ ತನ್ನೂರ ಜಾತ್ರೆಗೆ 20 ರೂಪಾಯಿ ತೆಗೆದುಕೊಂಡು ಹೋಗುತ್ತಾಳೆ. ಜೈಂಟ್ ವೀಲ್‌ಗೆ ಒಂದು ಸಲಕ್ಕೆ 3 ರೂಪಾಯಿ, ಬಳೆ ಎಸೆಯುವ ಆಟಕ್ಕೆ 4 ರೂಪಾಯಿ. ಆಟ ಆಡಿದ್ದು ತೊಟ್ಟಿಲು ಹತ್ತಿದ್ದರ ಅರ್ಧದಷ್ಟು ಸಲ. ಹಾಗಾದರೆ ಯಾವುದು ಎಷ್ಟು ಸಲ? ಉತ್ತರ 4 ಮತ್ತು 2. ನಾನು ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ ಬಂತು. "ಮಿಸ್, ಮೂರ್ ರೂಪಾಯ್ಗ ತೊಟ್ಲು ಎಲ್ಲದ?"

ತರಗತಿಯೆಲ್ಲ ನಕ್ಕಿತು. ನಕ್ಕ ಮೇಲೆ ಬೆಲೆಗಳು ಬರತೊಡಗಿದವು. ಚಿಕ್ಕಲ್ಲೂರು ಜಾತ್ರೆಗೆ ಹೋಗಿದ್ದವರು ಒಂದು ಹೇಳಿದರು, ಮೈಸೂರಿಗೆ ದಸರಾ ನೋಡಲು ಹೋಗಿದ್ದವರು ಇನ್ನೊಂದು ಹೇಳಿದರು. ಯಾವ ಬೆಲೆಯೂ ಪುಸ್ತಕದ ಬೆಲೆಗೆ ಹತ್ತಿರವಿರಲಿಲ್ಲ. ಅಲ್ಲಿಂದ ಪಾಠ ಹೋದ ದಾರಿ ನನ್ನ ಪಾಠ ಯೋಜನೆಯಲ್ಲಿ ಅರ್ಧ ಇತ್ತು, ಅರ್ಧ ಮಕ್ಕಳೇ ಹಾಕಿಕೊಟ್ಟದ್ದು. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಯಳಂದೂರಿನವಳು. ಕಾಲೇಜು ಕೊಳ್ಳೇಗಾಲದಲ್ಲಿ, ಇಂಟರ್ನ್‌ಶಿಪ್‌ಗೆ ಸಿಕ್ಕ ಶಾಲೆ ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ. ಈ ಮೂರೂ ಕಡೆ ಓಡಾಡುವವರಿಗೆ ಜನಜಂಗುಳಿ ಹೊಸತಲ್ಲ. ಕೆ.ಆರ್.ಎಸ್. ಮತ್ತು ಕಬಿನಿಯಿಂದ ನೀರು ಬಿಟ್ಟ ವಾರ ಭರಚುಕ್ಕಿಯ ದಾರಿಯಲ್ಲಿ ಭಾನುವಾರ ಕಾರುಗಳ ಸಾಲು ನಿಲ್ಲುತ್ತದೆ. ಬಿಳಿಗಿರಿರಂಗನ ಬೆಟ್ಟದ ತೇರಿಗೆ ನಮ್ಮೂರ ದಾರಿಯೇ ದಾರಿ. ಇನ್ನು ಮಾದಪ್ಪನ ಬೆಟ್ಟಕ್ಕೆ ಪ್ರತಿ ಅಮಾವಾಸ್ಯೆ, ಅದರ ಮೇಲೆ ಶಿವರಾತ್ರಿ, ಯುಗಾದಿ, ದೀಪಾವಳಿ. ತಮಿಳುನಾಡಿನಿಂದಲೂ ಜನ ಬರುತ್ತಾರೆ. ತಾಳಬೆಟ್ಟದಿಂದ ಮೇಲಕ್ಕೆ ರಸ್ತೆ ಕಾಡಿನೊಳಗೆ ಸುತ್ತಿಕೊಂಡು ಹತ್ತುತ್ತದೆ. 2013ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಕಾಡು ಅದು. ಅಗಲ ಮಾಡಿಬಿಡೋಣ ಎಂದು ಹೇಳುವುದು ಸುಲಭ, ಮಾಡುವುದು ಸುಲಭವಲ್ಲ.

ಮಕ್ಕಳಿಗೆ ನಾನು ಕೇಳಿದ ಮೊದಲ ಪ್ರಶ್ನೆ ಇಷ್ಟೇ: ಜಾತ್ರೆಯಲ್ಲಿ ಒಳಗೆ ಹೋಗಲು ದುಡ್ಡು ಕೊಡುತ್ತೀರಾ? ಇಲ್ಲ, ತೊಟ್ಟಿಲು ಹತ್ತಲು ಮಾತ್ರ. ಹಿಂದಿನ ವರ್ಷ ಶಾಲಾ ಪ್ರವಾಸದಲ್ಲಿ ಬಿಡದಿಯ ಬಳಿಯ ವಂಡರ್‌ಲಾಗೆ ಹೋಗಿ ಬಂದಿದ್ದ ಮೂವರು ಅಲ್ಲಿ ತಿರುವುಮುರುವು ಎಂದರು. ಬಾಗಿಲಲ್ಲೇ ಪೂರ್ತಿ ಟಿಕೆಟ್, ಒಳಗೆ ಆಟಗಳಿಗೆ ಬೇರೆ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಈ ಎರಡನ್ನೂ ಮಾಡಿ ನೋಡಿದೆ ಎಂದು ಹೇಳಿದೆ. 1955ರಲ್ಲಿ ಅದು ತೆರೆದಾಗ ಪ್ರವೇಶಕ್ಕೊಂದು, ಆಟಗಳಿಗೆ ಬೇರೆ ಬೇರೆ ಟಿಕೆಟ್ ಇತ್ತು. ಆಟಗಳನ್ನು ಎ, ಬಿ, ಸಿ ಎಂದು ದರ್ಜೆ ಮಾಡಿ ಟಿಕೆಟ್ ಪುಸ್ತಕ ಮಾರುತ್ತಿದ್ದರು. 1982ರಲ್ಲಿ ಅದನ್ನು ನಿಲ್ಲಿಸಿ ಬಾಗಿಲಲ್ಲೇ ಒಂದು ಟಿಕೆಟ್ ಎಂದು ಮಾಡಿದರು. ಬಾಗಿಲಲ್ಲಿ ಕೇಳಬೇಕೋ ತೊಟ್ಟಿಲಲ್ಲಿ ಕೇಳಬೇಕೋ ಎಂಬುದನ್ನೇ ಹಿಡಿದು ವಾಲ್ಟರ್ ಓಯ್ ಎಂಬ ಅರ್ಥಶಾಸ್ತ್ರಜ್ಞ 1971ರಲ್ಲಿ ಒಂದು ಪ್ರಬಂಧ ಬರೆದಿದ್ದಾನೆ. ಅದರ ಶೀರ್ಷಿಕೆಯಲ್ಲೇ ಡಿಸ್ನಿಲ್ಯಾಂಡ್ ಇದೆ. ನಮ್ಮ ಜಾತ್ರೆಯ ತೊಟ್ಟಿಲಿನವನು ಈ ವಿಷಯದಲ್ಲಿ ಯಾವ ಪ್ರಬಂಧವನ್ನೂ ಓದಬೇಕಾಗಿಲ್ಲ, ಅವನಿಗೆ ಬಾಗಿಲೇ ಇಲ್ಲ.

ಆಮೇಲೆ ಪಾಸ್. ಒಂದು ದಿನದ ಟಿಕೆಟ್ 400 ರೂಪಾಯಿ, ವರ್ಷದ ಪಾಸ್ 1,200 ರೂಪಾಯಿ ಎಂದು ಇಟ್ಟುಕೊಂಡೆವು. ಎರಡೂ ನಾನೇ ಊಹಿಸಿದ ಸಂಖ್ಯೆಗಳು. ಭೇಟಿಗಳ ಸಂಖ್ಯೆ x, ಖರ್ಚು y ಆದರೆ ಒಂದು ರೇಖೆ y = 400x, ಇನ್ನೊಂದು y = 1200. ಮೊದಲನೆಯದು ಏರುತ್ತ ಹೋಗುತ್ತದೆ, ಎರಡನೆಯದು ಅಡ್ಡಕ್ಕೆ ಮಲಗಿರುತ್ತದೆ. ಛೇದಿಸುವ ಬಿಂದು (3, 1200). ಮೂರು ಸಲಕ್ಕಿಂತ ಕಡಿಮೆ ಹೋಗುವವರಿಗೆ ಪಾಸ್ ನಷ್ಟ, ಹೆಚ್ಚು ಹೋಗುವವರಿಗೆ ಲಾಭ. ನಕ್ಷಾ ವಿಧಾನವನ್ನು ಇಷ್ಟು ಬೇಗ ಹಿಡಿದ ತರಗತಿಯನ್ನು ನಾನು ಇಂಟರ್ನ್‌ಶಿಪ್‌ನಲ್ಲಿ ಇನ್ನೊಂದು ಕಾಣಲಿಲ್ಲ. ಅಡ್ಡ ರೇಖೆಯನ್ನು ತೋರಿಸಿ, ನಾಲ್ಕನೇ ಸಲ ಹೋಗುವಾಗ ಎಷ್ಟು ಕೊಡಬೇಕು ಎಂದು ಕೇಳಿದೆ. "ಏನೂ ಇಲ್ಲ" ಎಂದರು. ಹತ್ತನೇ ಸಲ? ಏನೂ ಇಲ್ಲ. ಆ ರೇಖೆ ಮಲಗಿದೆ ಎನ್ನುವುದರ ಅರ್ಥವೇ ಅದು.

ಎಲ್ಲ ಪಾಸ್‌ಗಳೂ ಹೀಗೆ ಕೊನೆಯಿಲ್ಲದೆ ಮಲಗಿರುವುದಿಲ್ಲ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಶುರುವಾದಾಗ 3,000 ರೂಪಾಯಿಗೆ 200 ಪ್ರಯಾಣ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದಿತ್ತು. ಆ ದರದಲ್ಲಿ ಪೂರ್ತಿ ಬಳಸಿದರೆ ಸಲಕ್ಕೆ 15 ರೂಪಾಯಿ. ನಕ್ಷೆಯಲ್ಲಿ ಇದು 200ರಲ್ಲಿ ನಿಂತುಬಿಡುವ ರೇಖಾಖಂಡ. ಇದೇ ಅಧ್ಯಾಯ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಇದು ಕೈಗೆ ಸಿಗುವ ಒಳ್ಳೆಯ ಉದಾಹರಣೆ. ಮನೆಯಲ್ಲಿ ಕಾರಿಲ್ಲದ ಮಕ್ಕಳಿಗೂ ಟೋಲ್ ಗೊತ್ತಿರುತ್ತದೆ.

ಇಲ್ಲಿಯವರೆಗೆ ಎಲ್ಲವೂ ಯೋಜನೆಯಂತೆ ಇತ್ತು. ಮುಂದಿನ ಹಂತಕ್ಕೆ, ಅಂದರೆ ಆದೇಶ ವಿಧಾನಕ್ಕೆ, ಹೋಗುವ ಮೊದಲು ಕಿಟಕಿ ಪಕ್ಕದ ಒಬ್ಬ ಹುಡುಗ ಎದ್ದು ನಿಂತ. "ನಂಗೂ ಪಾಸ್ ಅದ ಮಿಸ್. ಆದ್ರ ಅಮಾಸ ದಿನ ಬಸ್ಸೇ ನಿಲ್ಲಲ್ವಲ್ಲ." ವಿದ್ಯಾರ್ಥಿ ಪಾಸ್ ಜೇಬಿನಿಂದ ತೆಗೆದು ತೋರಿಸಿದ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆಯಿಲ್ಲ, ಪಾಸ್ ಹುಡುಗರದ್ದು. ಆದರೆ ತುಂಬಿ ಬಂದ ಬಸ್ ಮುಂದಕ್ಕೆ ಹೋದಾಗ ರಸ್ತೆಬದಿಯಲ್ಲಿ ಇಬ್ಬರೂ ಜೊತೆಯಲ್ಲೇ ನಿಲ್ಲುತ್ತಾರೆ.

ನಾನು ಹಾಜರಿ ಪುಸ್ತಕ ತಿರುಗಿಸಿ ನೋಡಿದೆ. ರಸ್ತೆ ಮೇಲಿನ ಊರುಗಳಿಂದ ಬರುವ ಮಕ್ಕಳ ಹೆಸರಿನ ಮುಂದೆ ಅಮಾವಾಸ್ಯೆಯ ದಿನಗಳಲ್ಲಿ 'ಗೈ' ಎಂದಿತ್ತು, ಇಲ್ಲವೇ ಎರಡನೇ ಪೀರಿಯಡ್‌ಗೆ ಬಂದ ಗುರುತು ಇತ್ತು. ತಿಂಗಳಿಗೆ ಒಂದು ದಿನ ಎಂದರೆ ಸಣ್ಣದು. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಮೊದಲ ಪೀರಿಯಡ್ ಗಣಿತವಾದರೆ ಅಷ್ಟು ಸಣ್ಣದಲ್ಲ.

ಹಾಗಾದರೆ ಏನು ಮಾಡಬೇಕು ಎಂದೆ. ಒಬ್ಬ ಥಟ್ಟನೆ ಹೇಳಿದ: "ರೇಟ್ ಜಾಸ್ತಿ ಮಾಡ್ಬುಟ್ರ ಜನ ಬರೂದ್ ಕಮ್ಮಿ ಆಯ್ತದ." ಪುಸ್ತಕಗಳಲ್ಲಿ ಸಿಗುವ ಉತ್ತರವೇ ಅದು. ರಜಾದಿನಗಳಲ್ಲಿ ಹೆಚ್ಚು ದರ ಇಡುವ ಪಾರ್ಕ್‌ಗಳು ಮಾಡುವುದೂ ಅದನ್ನೇ. ಸಾಲು ದಾಟಿ ಹೋಗಲು ಹೆಚ್ಚು ಬೆಲೆಯ ಟಿಕೆಟ್ ಪಾರ್ಕ್‌ಗಳಲ್ಲೂ ಇದೆ, ವಿಶೇಷ ದರ್ಶನವೆಂಬ ಹೆಸರಿನಲ್ಲಿ ದೇವಸ್ಥಾನಗಳಲ್ಲೂ ಇದೆ. ಎರಡನೇ ಬೆಂಚಿನ ಹುಡುಗಿಗೆ ಒಪ್ಪಿಗೆಯಾಗಲಿಲ್ಲ. ಹಿಂದಿನ ವರ್ಷದ ಪ್ರವಾಸಕ್ಕೆ ದುಡ್ಡು ಹೊಂದದೆ ಉಳಿದುಕೊಂಡವರಲ್ಲಿ ಅವಳೂ ಒಬ್ಬಳೆಂದು ನನಗೆ ಆಮೇಲೆ ತಿಳಿಯಿತು. ಅವಳೆಂದಳು: "ಆಗ ಬರ್ದೇ ಇರೋರು ನಾವೇ ಅಲ್ವ ಮಿಸ್? ಕಾರಲ್ಲಿ ಬರೋರು ಬಂದೇ ಬತ್ತಾರ."

ಡಿಸ್ನಿಲ್ಯಾಂಡ್ ಈ ಗಂಟನ್ನು ಇನ್ನೊಂದು ರೀತಿ ಬಿಡಿಸಲು ನೋಡಿತು ಎಂದು ಹೇಳಿದೆ. 2021ರ ಜನವರಿಯಲ್ಲಿ ಅದು ತನ್ನ ವಾರ್ಷಿಕ ಪಾಸ್ ಪದ್ಧತಿಯನ್ನೇ ಮುಚ್ಚಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮ್ಯಾಜಿಕ್ ಕೀ ಎಂಬ ಹೊಸ ಪಾಸ್ ತಂದಿತು. ಅದಿದ್ದರೂ ಬರುವ ದಿನವನ್ನು ಮೊದಲೇ ಕಾಯ್ದಿರಿಸಬೇಕು, ಕಡಿಮೆ ಬೆಲೆಯ ಪಾಸ್‌ಗಳಿಗೆ ವರ್ಷದ ಎಷ್ಟೋ ದಿನ ಪ್ರವೇಶವೇ ಇಲ್ಲ. ಅಂದರೆ ದುಡ್ಡು ಒಂದು ಲೆಕ್ಕ, ಜಾಗ ಇನ್ನೊಂದು ಲೆಕ್ಕ ಎಂದು ಅವರೇ ಒಪ್ಪಿಕೊಂಡಂತಾಯಿತು. ನಮ್ಮ ಬೆಟ್ಟಕ್ಕೂ ಹೀಗೆ ಮಾಡಬಹುದೇ? ಕಿಟಕಿ ಪಕ್ಕದವನ ಉತ್ತರ: "ಅಮಾಸನ ಬ್ಯಾರೆ ದಿನಕ್ಕ ಹಾಕೂಕಾದದ?" ಅವನು ಹೇಳಿದ್ದು ಸರಿ. ಪಾರ್ಕ್‌ಗೆ ಶನಿವಾರದ ಬದಲು ಮಂಗಳವಾರ ಹೋಗಬಹುದು. ಅಮಾವಾಸ್ಯೆಗೆ ಹರಕೆ ಹೊತ್ತವರಿಗೆ ಆ ಬದಲು ಇಲ್ಲ.

ಪಾಠದ ನಂತರ ಮಾರ್ಗದರ್ಶಿ ಶಿಕ್ಷಕರು ಪ್ರತಿಕ್ರಿಯೆ ಹಾಳೆಯಲ್ಲಿ ತೊಡಗಿಸಿಕೊಳ್ಳುವಿಕೆಗೆ ಒಳ್ಳೆಯ ಅಂಕ ಕೊಟ್ಟು, ಕೆಳಗೆ ಒಂದು ಸಾಲು ಬರೆದರು: ಅಸಮತೆ ಈ ಅಧ್ಯಾಯದಲ್ಲಿಲ್ಲ, ಪರೀಕ್ಷೆಗೂ ಬರುವುದಿಲ್ಲ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಫಲಿತಾಂಶಕ್ಕೆ ಉತ್ತರ ಹೇಳಬೇಕಾದವರು ಅವರು, ನಾನಲ್ಲ. ಆದರೆ ಸಮೀಕರಣ ಬಿಡಿಸುವುದನ್ನು ಮಾತ್ರ ಕಲಿಸಿ, ಆ ಸಮೀಕರಣ ಯಾವುದನ್ನು ಬಿಟ್ಟಿದೆ ಎಂದು ಕೇಳುವುದನ್ನು ಕಲಿಸದಿದ್ದರೆ ಅಖಿಲಾಳ 20 ರೂಪಾಯಿ ಎಂದೆಂದಿಗೂ ಪುಸ್ತಕದ 20 ರೂಪಾಯಿಯೇ ಆಗಿ ಉಳಿಯುತ್ತದೆ. ಇನ್ನೊಂದು ಪೀರಿಯಡ್ ಕೇಳಿದೆ. ಆಟದ ಪೀರಿಯಡ್ ಬಿಟ್ಟುಕೊಟ್ಟರು.

ಅದು ಒಳ್ಳೆಯದೇ ಆಯಿತು. ಶಾಲೆಯ ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ, ಸುಣ್ಣದ ಗೆರೆ ಹಾಕಿಯೇ ಇತ್ತು. ಒಂದು ಕಾರು ನಿಲ್ಲಲು 5 ಮೀಟರ್ ಉದ್ದ, 2.5 ಮೀಟರ್ ಅಗಲ ಎಂದು ಕೊಟ್ಟು, ಎಷ್ಟು ಕಾರು ಹಿಡಿಸುತ್ತವೆ ಎಂದೆ. 162ನ್ನು 12.5ರಿಂದ ಭಾಗಿಸಿ ಹನ್ನೆರಡು ಎಂದರು. ಈಗ ಹಗ್ಗ ಹಿಡಿದು ಗೆರೆ ಎಳೆಯಿರಿ ಎಂದೆ. ಉದ್ದಕ್ಕೆ ಮೂರು, ಅಗಲಕ್ಕೆ ಮೂರು, ಒಟ್ಟು ಒಂಬತ್ತೇ ಕೂತವು. ಉಳಿದ ಜಾಗ ಚೂರು ಚೂರಾಗಿ ಅಂಚಿನಲ್ಲಿ ಬಿದ್ದಿತ್ತು, ಅದರಲ್ಲಿ ಕಾರು ನಿಲ್ಲುವುದಿಲ್ಲ. ಆಮೇಲೆ ನಡುವಿನ ಕಾರುಗಳಾಗಿ ನಿಂತಿದ್ದ ಮೂವರನ್ನು ಹೊರಗೆ ಬನ್ನಿ ಎಂದೆ. ಸುತ್ತ ನಿಂತವರು ಬಿಡಲಿಲ್ಲ, ಬಿಡಬೇಡಿ ಎಂದು ನಾನೇ ಹೇಳಿದ್ದೆ. ಓಡಾಡಲು ನಡುಸಾಲು ಖಾಲಿ ಬಿಟ್ಟರೆ ಉಳಿದದ್ದು ಆರು. ಭಾಗಾಕಾರದ ಹನ್ನೆರಡು ಮೈದಾನದಲ್ಲಿ ಆರಾಯಿತು.

ಹೊತ್ತನ್ನೂ ಸೇರಿಸಿದೆವು. ಒಂದೊಂದು ಕಾರು ಎರಡು ಗಂಟೆ ನಿಂತರೆ ಆರು ಜಾಗದಲ್ಲಿ ಗಂಟೆಗೆ ಮೂರು ಕಾರು ಬಂದು ಹೋಗಬಹುದು. ಮೂರು ಗಂಟೆ ನಿಂತರೆ ಎರಡೇ. ಗಂಟೆಗೆ ಹತ್ತು ಬಂದರೆ ಉಳಿದವು ಎಲ್ಲಿ ನಿಲ್ಲುತ್ತವೆ? ರಸ್ತೆಯಲ್ಲಿ, ಎಂದರು ಎಲ್ಲರೂ ಒಟ್ಟಿಗೆ. ಅದೇ ರಸ್ತೆಯಲ್ಲಿ ಅವರ ಬಸ್ ಬರಬೇಕು.

ಪಾಸ್ ತೋರಿಸಿದ್ದ ಹುಡುಗ ಆಗ ಬಸ್ಸನ್ನು ಅಂಕಣದೊಳಗೆ ತಂದ. 12 ಮೀಟರ್ ಉದ್ದದ ಬಸ್ ಎಂದು ಇಟ್ಟುಕೊಂಡೆವು. ಅಂಚಿನ ಒಂದು ಸಾಲಿಗೆ b ಬಸ್, c ಕಾರು ಆದರೆ 12b + 5c ಎಂಬುದು 18ನ್ನು ಮೀರುವಂತಿಲ್ಲ. ಮೂರು ಕಾರು ನಿಲ್ಲಿಸಿದರೆ, ತಲಾ ಐವರಂತೆ, 15 ಜನ. ಒಂದು ಬಸ್, ಒಂದು ಕಾರು ನಿಲ್ಲಿಸಿದರೆ 17 ಮೀಟರ್, 50 ಮತ್ತು 5 ಸೇರಿ 55 ಜನ. ಎರಡನೇ ಬೆಂಚಿನ ಹುಡುಗಿ ಎರಡೂ ಸಾಲಿನ ಲೆಕ್ಕ ಕೂಡಿಸಿ, 30 ಮತ್ತು 110 ಎಂದು ಮಣ್ಣಿನ ಮೇಲೆ ಕಡ್ಡಿಯಲ್ಲಿ ದೊಡ್ಡದಾಗಿ ಬರೆದಳು. ದರ ಏರಿಸದೆಯೂ ಜಾಗ ಹುಟ್ಟುತ್ತದೆ ಎಂದು ತೋರಿಸಲು ಅವಳಿಗೆ ನಾನು ಏನನ್ನೂ ಹೇಳಿಕೊಡಬೇಕಾಗಲಿಲ್ಲ. ಜಾತ್ರೆಯ ಕೆಲವು ದಿನಗಳಲ್ಲಿ ಬೆಟ್ಟಕ್ಕೆ ಬೈಕ್‌ಗಳನ್ನು ಬಿಡದೆ ಬಸ್‌ನಲ್ಲಿ ಹೋಗಿ ಎನ್ನುವುದು ಇದಕ್ಕೇನಾ ಎಂದು ಇನ್ನೊಬ್ಬ ಕೇಳಿದ. ಇದಕ್ಕೂ ಇರಬಹುದು, ತಿರುವುಗಳ ಅಪಾಯಕ್ಕೂ ಇರಬಹುದು ಎಂದೆ.

ಗಂಟೆ ಹೊಡೆಯುವ ಹೊತ್ತಿಗೆ ಹಿಂದಿನ ಬೆಂಚಿನವನು, ಮೂರು ರೂಪಾಯಿಯ ತೊಟ್ಟಿಲು ಕೇಳಿದ್ದವನೇ, ತಕರಾರು ತೆಗೆದ. ಅವನ ಅಪ್ಪ ಬಸ್ ಚಾಲಕರು. "ಬಸ್ ನಿಲ್ಸಬೌದು ಮಿಸ್. ತಿರ್ಗುಸೂಕ ಈ ಕೋರ್ಟ್ ಸಾಲಲ್ಲ." ತಿರುಗಿಸಲು ಎಷ್ಟು ಬೇಕು ಎಂದೆ. ಕೇಳಿಕೊಂಡು ಬರುತ್ತೇನೆ ಎಂದು ಹೋದ. ಮರುದಿನ ಪ್ರಾರ್ಥನೆಗೆ ಮೊದಲೇ ಬಂದು ಹೇಳಿದ: ಒಂದೇ ಏಟಿಗೆ ಸುತ್ತು ಹೊಡೆಯಬೇಕಾದರೆ ಬಸ್ಸಿನ ಎರಡರಷ್ಟು ಅಗಲ ಬೇಕಂತೆ. ಅಂದರೆ 24 ಮೀಟರ್. ನಮ್ಮ ಅಂಕಣದ ಉದ್ದವೇ 18. ಆ ದಿನ ವರ್ಜಿಸುವ ವಿಧಾನ ಮುಗಿಸಿದ ಮೇಲೆ ಉಳಿದ ಹತ್ತು ನಿಮಿಷದಲ್ಲಿ ಅಳತೆ ಟೇಪ್ ಹಿಡಿದು ಎಲ್ಲರೂ ಗೇಟಿನ ಹೊರಗಿನ ಖಾಲಿ ಜಾಗಕ್ಕೆ ಹೋದೆವು.