ಕಾಣದ್ದೆಲ್ಲ ಇಲ್ಲವೇ?

ಮಕ್ಕಳೇ, ರಾತ್ರಿ ಆಕಾಶ ನೋಡುತ್ತಾ ‘ಇದರ ಕೊನೆ ಎಲ್ಲಿ?’ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನನಗೆ ಈ ಪ್ರಶ್ನೆ ಹಾಕಿದವರು ನನ್ನ ಅಜ್ಜ.

ನಮ್ಮೂರು ಅಜ್ಜಂಪುರ. ಈರುಳ್ಳಿ ಕಿತ್ತು ಹೊಲದಲ್ಲಿ ರಾಶಿ ಹಾಕಿದ್ದ ಕಾಲ. ರಾತ್ರಿ ಕಾವಲಿಗೆ ಅಜ್ಜನ ಜೊತೆ ನಾನೂ ಹೋಗಿದ್ದೆ. ಅಜ್ಜನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಲೆಯೆತ್ತಿ ನೋಡಿ, “ಇವತ್ತು ಒಂದು ಚುಕ್ಕಿನೂ ಇಲ್ಲವಲ್ಲೋ” ಎಂದರು. “ಬೇಕಾದಷ್ಟಿವೆ ಅಜ್ಜ, ನಿನಗೆ ಕಾಣ್ತಿಲ್ಲ ಅಷ್ಟೆ” ಎಂದು ನಾನು ನಕ್ಕೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾದ್ರೆ ನಿನಗೆ ಕಾಣೋ ಕೊನೇ ಚುಕ್ಕಿಯ ಆಚೆ ಏನೈತೆ?” “ಏನೂ ಇಲ್ಲ” ಎಂದೆ. “ನನಗೆ ಕಾಣದ್ದು ಐತೆ ಅಂತೀಯ. ನಿನಗೆ ಕಾಣದ್ದು ಮಾತ್ರ ಇಲ್ವಾ?” ನನ್ನಲ್ಲಿ ಉತ್ತರವಿರಲಿಲ್ಲ. ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು.

ಉತ್ತರ ತಿಳಿಯಲು ಬಹಳ ವರ್ಷ ಬೇಕಾಯಿತು. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಆದರೂ ಸೂರ್ಯನ ಬೆಳಕು ನಮ್ಮನ್ನು ತಲುಪಲು 8 ನಿಮಿಷಕ್ಕೂ ಹೆಚ್ಚು ಬೇಕು. ಬರಿಗಣ್ಣಿಗೆ ಮಸುಕಾಗಿ ಕಾಣುವ ದೇವಯಾನಿ ಗೆಲಾಕ್ಸಿಯ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಈ ಅವಧಿಯಲ್ಲಿ ನಮ್ಮನ್ನು ತಲುಪಿದ ಬೆಳಕನ್ನು ಮಾತ್ರ ನಾವು ನೋಡಬಲ್ಲೆವು. ಅದರಾಚೆಯ ಬೆಳಕು ಇನ್ನೂ ಬಂದಿಲ್ಲ. ಅದು ನಮ್ಮ ನೋಟದ ಅಂಚು. ಅದನ್ನೇ ವಿಶ್ವದ ಅಂಚು ಎನ್ನಲಾಗದು.

ಇನ್ನೊಂದು ತಡೆಯೂ ಇದೆ. ಕೆಮ್ಮಣ್ಣುಗುಂಡಿಯಲ್ಲಿ ಮಂಜು ಕವಿದಾಗ ಹತ್ತು ಹೆಜ್ಜೆ ಮುಂದಿನ ಮರವೂ ಕಾಣದು, ಅಲ್ಲವೇ? ವಿಶ್ವವೂ ಮೊದಲ 3 ಲಕ್ಷ 80 ಸಾವಿರ ವರ್ಷ ಹಾಗೆಯೇ ಇತ್ತು. ಕುದಿಯುವಂಥ ಬಿಸಿಯಲ್ಲಿ ಬೆಳಕು ನೇರವಾಗಿ ಸಾಗಲು ಆಗುತ್ತಿರಲಿಲ್ಲ. ವಿಶ್ವ ತಣ್ಣಗಾದಾಗ ದಾರಿ ತೆರೆಯಿತು. ಮೊದಲ ನಕ್ಷತ್ರಗಳು ಬೆಳಗಿದ್ದು ಇನ್ನೂ ಬಹಳ ಕಾಲದ ನಂತರ.

ಆ ಮೊದಲ ನಕ್ಷತ್ರಗಳ ಸುಳಿವನ್ನು ನಮ್ಮ ರಾಜ್ಯದಲ್ಲೇ ಹುಡುಕಿದ್ದಾರೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ‘ಸರಸ್-3’ ಎಂಬ ರೇಡಿಯೋ ದೂರದರ್ಶಕವನ್ನು ದಂಡಿಗಾನಹಳ್ಳಿ ಕೆರೆಯಲ್ಲಿ ಹಾಗೂ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ನೀರಿನಲ್ಲೇಕೆ? ನೆಲದೊಳಗೆ ಮಣ್ಣು, ಕಲ್ಲು ಪದರಪದರವಾಗಿರುವುದರಿಂದ ಅತಿ ಕ್ಷೀಣವಾದ ಅಲೆಗಳ ಅಳತೆ ಕೆಡುತ್ತದೆ. ನೀರಾದರೋ ಎಲ್ಲ ಕಡೆ ಒಂದೇ ಸಮ. ಅಂಥ ಸುಳಿವು ಸಿಕ್ಕಿದೆ ಎಂದು 2018ರಲ್ಲಿ ವಿದೇಶದ ತಂಡವೊಂದು ಹೇಳಿತ್ತು. ಸರಸ್‌ಗೆ ಅದು ಸಿಗಲಿಲ್ಲ. 2022ರಲ್ಲಿ ನಮ್ಮವರು ಅದನ್ನು ಹಾಗೆಯೇ ಪ್ರಕಟಿಸಿದರು. ಆದರೆ ಮೊದಲ ನಕ್ಷತ್ರಗಳೇ ಇರಲಿಲ್ಲ ಎಂದು ಅವರು ಹೇಳಲಿಲ್ಲ. ‘ಸಿಗಲಿಲ್ಲ’ ಎನ್ನುವುದು ಬೇರೆ, ‘ಇಲ್ಲ’ ಎನ್ನುವುದು ಬೇರೆ.

ಇದನ್ನೆಲ್ಲ ಹೇಳೋಣವೆಂದರೆ ಅಜ್ಜ ಈಗಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಮುಂದಿನ ಅಮಾವಾಸ್ಯೆಯ ರಾತ್ರಿ ಮನೆಯ ಹಿರಿಯರೊಂದಿಗೆ ಆಕಾಶ ನೋಡಿ. ಯಾರಿಗೆ ಎಷ್ಟು ಚುಕ್ಕಿ ಕಾಣುತ್ತವೆ ಎಂದು ಕೇಳಿ ಬರೆದಿಡಿ. ಕಾಣದವರನ್ನು ಕಂಡು ನಗಬೇಡಿ. ನಮಗೆ ಕಾಣದ್ದೂ ಬೇಕಾದಷ್ಟಿದೆ!