ಹೆಸರಿನೊಳಗಿನ ಕಾಯಕ



ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ. ಈ ಶರಣರ ಹೆಸರಿನಲ್ಲಿಯೇ ಅವರ ಕಾಯಕ ನೆಲೆಸಿದೆ. ಬಟ್ಟೆ ಒಗೆಯುವುದು, ಹಗ್ಗ ಹೊಸೆಯುವುದು, ದೋಣಿ ನಡೆಸುವುದೇ ಅವರ ಗುರುತಾಯಿತು. ಈ ಮಾತನ್ನು ಎಷ್ಟೋ ವೇದಿಕೆಗಳಲ್ಲಿ ಹೇಳಿದ ನಾನೇ ಒಮ್ಮೆ ಒಬ್ಬ ವಿದ್ಯಾರ್ಥಿಯನ್ನು ಅವನ ರೋಗದ ಹೆಸರಿನಿಂದ ಕರೆದೆ.

ಅವನು ಧಾರವಾಡದಲ್ಲಿ ಬಿ.ಎ. ಓದುತ್ತ, ಸಂಜೆ ನಮ್ಮ ಗ್ರಂಥಾಲಯದಲ್ಲಿ ವಚನ ಸಂಪುಟಗಳ ಪಟ್ಟಿ ಸಿದ್ಧಪಡಿಸುತ್ತಿದ್ದ. ಒಂದು ಶಿವರಾತ್ರಿಯಂದು ಉಪವಾಸವೆಂದು ಗುಳಿಗೆ ನುಂಗಲಿಲ್ಲ, ಜಾಗರಣೆಯೆಂದು ಮಲಗಲಿಲ್ಲ. ಬೆಳಗಿನ ಜಾವ ಭಜನೆಯ ನಡುವೆಯೇ ಕುಸಿದು ಬಿದ್ದ. ಒಬ್ಬರು ಕೈಯಲ್ಲಿ ಕೀಲಿಕೈ ಹಿಡಿಸಿದರು, ಇನ್ನೊಬ್ಬರು ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಎರಡು ನಿಮಿಷದಲ್ಲಿ ನಡುಕ ನಿಂತಿತು. ನಿಂತದ್ದು ತಾನಾಗಿಯೇ, ಕೀಲಿಕೈಯಿಂದಲ್ಲ.

ಮರುದಿನ ನಾನು, "ಮೂರ್ಛೆಯ ಹುಡುಗನಿಗೆ ಕೆಲಸ ಬೇಡ, ಊರಿಗೆ ಹೋಗಿ ವಿಶ್ರಾಂತಿ ಪಡೆಯಲಿ" ಎಂದೆ. ಅದನ್ನು ಕರುಣೆಯೆಂದೇ ಭಾವಿಸಿದ್ದೆ. ಅವನು ಮೆಲ್ಲಗೆ ಕೇಳಿದ: "ಬ್ಯಾನಿ ಬರೂದು ವರ್ಷದಾಗ ಎರಡ ನಿಮಿಷ, ಸರ. ಉಳಿದ ದಿನಾ ನಾ ಏನ ಮಾಡ್ಲಿ?"

ನನ್ನಲ್ಲಿ ಉತ್ತರವಿರಲಿಲ್ಲ. ಅವನೊಡನೆ ವೈದ್ಯರಲ್ಲಿಗೆ ಹೋದೆ, ಓದಿದೆ, ತಿಳಿದೆ. ಅಪಸ್ಮಾರವು ಮಿದುಳಿನ ವಿದ್ಯುತ್ ಚಟುವಟಿಕೆಯ ಏರುಪೇರು. ಶಾಪವಲ್ಲ, ಅಂಟುರೋಗವೂ ಅಲ್ಲ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಇದೆ. ಸರಿಯಾದ ಚಿಕಿತ್ಸೆ ದೊರೆತರೆ ನೂರಕ್ಕೆ 70ರಷ್ಟು ಜನ ಮೂರ್ಛೆಯಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ನಾಡಿನ ಯಳಂದೂರು ಭಾಗದ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಅಗ್ಗದ ಗುಳಿಗೆಗಳಿಂದಲೇ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿ, 2001ರಲ್ಲಿ ಅದನ್ನು ಪ್ರಕಟಿಸಿದರು. ಹಿಂದೂ ವಿವಾಹಕ್ಕೆ ಅಪಸ್ಮಾರವು ಅಡ್ಡಿಯೆಂಬ ಮಾತನ್ನು ಕಾಯಿದೆಯಿಂದ 1999ರಲ್ಲಿಯೇ ತೆಗೆದುಹಾಕಲಾಗಿದೆ. ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆ ನಮ್ಮ ಬಳಿಯಲ್ಲಿಯೇ ಇದೆ.

ಎಚ್ಚರವೂ ಬೇಕು. ವಾಹನ, ಎತ್ತರ, ಬಾವಿ, ಬೆಂಕಿಯ ಕೆಲಸಗಳು ಇವರಿಗೆ ಅಪಾಯಕರ. ಆದರೆ ಓದು, ಬರಹ, ಬೋಧನೆ, ಲೆಕ್ಕಪತ್ರ ಮುಂತಾದ ನೂರಾರು ಕಾಯಕಗಳಿವೆ. ವೈದ್ಯರನ್ನು ಕೇಳದೆ ಗುಳಿಗೆ ಬಿಡಬಾರದು, ನಿದ್ದೆಗೆಡಬಾರದು. ಯಾರಾದರೂ ಬಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ, ತಲೆಗೆ ಮೆತ್ತನೆಯ ಬಟ್ಟೆಯಿಡಿ. ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ.

ನಾನು ಅವನಲ್ಲಿ ಕ್ಷಮೆ ಕೇಳಿದೆ. ಮಾಡಲು ಕಾಯಕವಿಲ್ಲದವನಿಗೆ ದಾಸೋಹದ ಸಂತೋಷವೂ ಇಲ್ಲ. ಅದನ್ನು ಅವನಿಂದ ಕಿತ್ತುಕೊಳ್ಳಲು ಹೊರಟಿದ್ದವನು ರೋಗವಲ್ಲ, ನಾನು.

ಮುಂದಿನ ಶಿವರಾತ್ರಿಯಂದು ಅವನು ಪ್ರಸಾದ ಸ್ವೀಕರಿಸಿ, ಗುಳಿಗೆ ನುಂಗಿ, ಹತ್ತು ಗಂಟೆಗೆ ಮಲಗಿದ. ಜಾಗರಣೆ ಮಾಡಿದ ನಾವೆಲ್ಲ ತೂಕಡಿಸುತ್ತಿರುವಾಗ, ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆದವನು ಅವನೇ. ಈಗ ಎಲ್ಲರೂ ಅವನನ್ನು "ಗ್ರಂಥಾಲಯದ ತಮ್ಮ" ಎಂದೇ ಕರೆಯುತ್ತಾರೆ.